ಘಾಟಿ ಹತ್ತುವ ಮುನ್ನ ಚಕ್ರದತ್ತ ಒಂದು ನೋಟ

ಮಂಗಳೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೊರಟವರಿಗೆ ಉಪ್ಪಿನಂಗಡಿ ದಾಟಿತೆಂದರೆ ಊರು ಹಿಂದೆ ಉಳಿದ ಹಾಗೆ. ನೇತ್ರಾವತಿ, ಕುಮಾರಧಾರೆ ಕೂಡುವ ಆ ಪೇಟೆಯ ನಂತರ ನೆಲ್ಯಾಡಿ, ಆಮೇಲೆ ಗುಂಡ್ಯ. ಅಲ್ಲಿ ಸುಬ್ರಹ್ಮಣ್ಯದ ದಾರಿ ಬಲಕ್ಕೆ ಕವಲೊಡೆಯುತ್ತದೆ, ನಮ್ಮ ಮುಂದೆ ಶಿರಾಡಿ ಘಾಟಿ ಏಳುತ್ತದೆ. ಬದಿಯಲ್ಲಿ ಕೆಂಪುಹೊಳೆ, ಕಾಡಿನೊಳಗೆಲ್ಲೋ 57 ಸುರಂಗಗಳನ್ನು ಹೊಕ್ಕು ಹೊರಡುವ ರೈಲು ಹಳಿ. ಹಿಂದೆ 48 ಎಂದು ಕರೆಯುತ್ತಿದ್ದ ಈ ಹೆದ್ದಾರಿಗೆ ಈಗ 75 ಎಂಬ ಸಂಖ್ಯೆ. 2015 ಮತ್ತು 2018ರಲ್ಲಿ ಕಾಂಕ್ರೀಟ್ ಹಾಕಲೆಂದು ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ಅದಕ್ಕೂ ಮುಂಚಿನ ಹೊಂಡಗಳನ್ನು ಕಂಡವರು ಸುಲಭವಾಗಿ ಮರೆಯಲಾರರು.

ಗುಂಡ್ಯದಲ್ಲಿ ನೀವೂ ಚಹಾ ಕುಡಿಯಲು ಇಳಿಯುವಿರಿ. ಇಳಿದಾಗ ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು, ಕಾರಿಗೆ ಒಂದು ಸುತ್ತು ಬನ್ನಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಮ್ಮೆ ಹಾಸನದ ಮದುವೆಯೊಂದಕ್ಕೆ ಮಕ್ಕಳೂ ಅತ್ತೆಯೂ ಸೇರಿ ಆರು ಮಂದಿ ಹೊರಟಿದ್ದೆವು. ಬೆಳಿಗ್ಗೆ ದಾರಿಯಲ್ಲಿ ಪಂಕ್ಚರ್ ಹಾಕಿಸಿದ್ದಾಗಿತ್ತು. ನೆಲ್ಯಾಡಿ ಕಳೆದ ಮೇಲೆ ಹಿಂದಿನ ಎಡಚಕ್ರದಿಂದ ಟಕ್ ಟಕ್ ಸದ್ದು. ಕಾರು ವೇಗವಾದರೆ ಸದ್ದೂ ವೇಗ, ನಿಧಾನವಾದರೆ ಅದೂ ನಿಧಾನ. ಗುಂಡ್ಯದ ಚಹಾದಂಗಡಿಯಲ್ಲಿ ಕುಳಿತಿದ್ದ ಹಿರಿಯ ಲಾರಿ ಚಾಲಕರೊಬ್ಬರು ಎದ್ದು ಬಂದು ಚಕ್ರದ ನಟ್ಟನ್ನು ಬೆರಳಿನಿಂದಲೇ ತಿರುಗಿಸಿ ತೋರಿಸಿದರು. ನಾಲ್ಕರಲ್ಲಿ ಮೂರು ಸಡಿಲ. “ಮೋನೆ, ಇನ್ನು ಒಂದು ಮಾರು ದೂರವೂ ಬಿಡಬೇಡ” ಎಂದರು. “ಸರಿ ಕಾಕಾ” ಎಂದ ನನ್ನ ಪತಿಯ ಮುಖ ಬಿಳಿಚಿತ್ತು.

ಜಾಕಿಯ ಮೇಲೆ ಚಕ್ರ ಗಾಳಿಯಲ್ಲಿರುವಾಗ ಕೂರಿಸಿದ ನಟ್ಟುಗಳನ್ನು, ಕಾರು ಕೆಳಗಿಳಿಸಿದ ಮೇಲೆ ಮತ್ತೆ ಬಿಗಿಯಬೇಕು. ಅದನ್ನೇ ಬಿಟ್ಟುಬಿಟ್ಟಿದ್ದರು. ನಟ್ಟು ಬಿಗಿಯಾದಾಗ ಒಳಗಿನ ಬೋಲ್ಟು ತುಸು ಹಿಗ್ಗಿ ಸ್ಪ್ರಿಂಗಿನಂತೆ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಕಾರಿನ ಭಾರ ತಾಳುವುದು ಈ ಒತ್ತಡದ ಬಲದಿಂದ. ಒತ್ತಡ ಸಡಿಲಿದರೆ ಚಕ್ರ ಅತ್ತಿತ್ತ ಜಾರಿ, ತೂತುಗಳು ಅಗಲವಾಗಿ, ಕೊನೆಗೆ ಬೋಲ್ಟೇ ತುಂಡಾಗುತ್ತದೆ. ಹಾಗೆ ಕಳಚಿದ ಚಕ್ರ ಘಾಟಿಯ ತಿರುವಿನಲ್ಲಿ ಎದುರಿನಿಂದ ಬರುವವರ ಮೇಲೂ ಉರುಳೀತು.

ಅಂದು ಆ ಕಾಕಾ ಎಲ್ಲವನ್ನೂ ಬಿಚ್ಚಿಸಿ ನೋಡಿದರು. ತೂತು, ಮರೆಗಳು ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಬಿಗಿದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಚಕ್ರ ಕೂರುವಲ್ಲಿದ್ದ ಮಣ್ಣು, ತುಕ್ಕು ಒರೆಸಿ, ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿದರು. ಬಿಗಿಯುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು. ಹಾಗೆ ಎರಡು ಸುತ್ತು. ಮರೆಗೆ ಎಣ್ಣೆ ಹಚ್ಚಲು ಹೋದ ನನ್ನ ಮೈದುನನಿಗೆ ಬೈಗುಳವೂ ಸಿಕ್ಕಿತು. ಎಣ್ಣೆ ಹಚ್ಚಿದರೆ ಅದೇ ಬಲಕ್ಕೆ ಬೋಲ್ಟು ಅತಿಯಾಗಿ ಹಿಗ್ಗುತ್ತದೆ.

ಸ್ಪಾನರಿನ ಮೇಲೆ ಹತ್ತಿ ನಿಂತು ಬಿಗಿಯುವ ನಮ್ಮ ಗಂಡಸರ ಶೂರತನವೂ ಬೇಡ! ಹೆಚ್ಚಿನ ಕಾರುಗಳಿಗೆ ಬೇಕಾದ ಬಿಗಿ 80ರಿಂದ 120 ನ್ಯೂಟನ್ ಮೀಟರಿನ ಆಸುಪಾಸು. ನಿಮ್ಮ ಕಾರಿನದು ಅದರ ಕೈಪಿಡಿಯಲ್ಲಿರುತ್ತದೆ. 60 ಕಿಲೋ ತೂಕದವರು ಒಂದಡಿ ಉದ್ದದ ಸ್ಪಾನರಿನ ತುದಿಯಲ್ಲಿ ನಿಂತರೆ ಅದು 175ನ್ನೂ ಮೀರುತ್ತದೆ. ಗಾಳಿಯ ಗನ್ನಿನಿಂದ ಬೇಕಾಬಿಟ್ಟಿ ಬಿಗಿದರೂ ಇದೇ ಕಥೆ. ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಇರುವ ಗ್ಯಾರೇಜಿನಲ್ಲಿ ನೋಡಿಸುವುದು ಮೇಲು.

ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದಾಗ ಇನ್ನೊಮ್ಮೆ ಪರೀಕ್ಷಿಸಬೇಕು. ಬೆಳಿಗ್ಗೆ ಮಂಗಳೂರಿನಲ್ಲಿ ಟಯರು ಬದಲಿಸಿ ಹೊರಟಿದ್ದರೆ ಆ ಲೆಕ್ಕಕ್ಕೆ ಗುಂಡ್ಯ ಸರಿಯಾಗಿ ಸಿಗುತ್ತದೆ. ಆದರೆ ಸಕಲೇಶಪುರದಿಂದ ಬ್ರೇಕ್ ಒತ್ತುತ್ತಾ ಇಳಿದು ಬಂದವರು ಅಲ್ಲಿ ತಕ್ಷಣ ಸ್ಪಾನರ್ ಹಿಡಿಯಬಾರದು. ಚಕ್ರ ಕಾದಿರುತ್ತದೆ, ಅಳತೆ ತಪ್ಪುತ್ತದೆ. ನಿಧಾನವಾಗಿ ಚಹಾ ಮುಗಿಸಿ, ಅದು ತಣಿಯುವವರೆಗೆ ಕಾಯಿರಿ.