ಒಂದೇ ಬೀಗದ ಕೈ

ಹೊಸದಾಗಿ ಟೀಮ್ ಲೀಡ್ ಆದವರಿಗೆ ನಮ್ಮ ಪುಣೆ ಆಫೀಸಿನಲ್ಲಿ ಪಾಠ ಹೇಳೋದು ನನ್ನ ಪಾಲಿಗೆ ಬಂದಿದೆ. ಮೊದಲೆಲ್ಲ ಸ್ಲೈಡು ತೋರಿಸಿ "ಹೀಗೆ ಮ್ಯಾನೇಜ್ ಮಾಡಿ" ಅಂತಿದ್ದೆ. ಎಲ್ಲರೂ ತಲೆಯಾಡಿಸಿ ಸೋಮವಾರದ ಹೊತ್ತಿಗೆ ಮರೆತಿರುತ್ತಿದ್ದರು. ಈಗ ಪ್ಯಾಟರ್ನ್‌ಗಳ ಮೂಲಕ ಹೇಳಿಕೊಡ್ತೀನಿ.

ಪ್ಯಾಟರ್ನ್ ಅಂದ್ರೆ ಮತ್ತೆ ಮತ್ತೆ ಎದುರಾಗೋ ತೊಂದರೆಗೆ ಹಲವರು ಕಂಡುಕೊಂಡ ಪರಿಹಾರ, ಅದಕ್ಕೊಂದು ಹೆಸರು. ಇದನ್ನ ಶುರು ಮಾಡಿದ್ದು ಕಂಪ್ಯೂಟರಿನವರಲ್ಲ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಅನ್ನೋ ವಾಸ್ತುಶಿಲ್ಪಿ ಸಂಗಡಿಗರ ಜೊತೆ 1977ರಲ್ಲಿ ಮನೆ, ಊರು ಕಟ್ಟೋದಕ್ಕೆ 253 ಪ್ಯಾಟರ್ನ್ ಬರೆದ. 1994ರಲ್ಲಿ ನಾಲ್ವರು ಸಾಫ್ಟ್‌ವೇರಿಗೆ 23 ಬರೆದರು. 2004ರಲ್ಲಿ ಕೋಪ್ಲಿಯನ್ ಮತ್ತು ಹ್ಯಾರಿಸನ್ ತಂಡಗಳ ಬಗ್ಗೆಯೇ ಬರೆದರು. ಅದರಲ್ಲಿ 'ಟ್ರಕ್ ನಂಬರ್' ಅಂತ ಒಂದು ಮಾತಿದೆ: ಎಷ್ಟು ಜನ ಲಾರಿಗೆ ಸಿಕ್ಕರೆ ಪ್ರಾಜೆಕ್ಟ್ ನಿಂತುಹೋಗುತ್ತೆ? ಉತ್ತರ 'ಒಬ್ಬರು' ಅಂತಾದ್ರೆ ಅಪಾಯ.

ಇದನ್ನ ಹೇಳುವಾಗೆಲ್ಲ ನನಗೆ 2009 ನೆನಪಾಗುತ್ತೆ. ರಿಲೀಸ್ ಮಾಡೋದು ನಾಂದೇಡ್ ಕಡೆಯ ಒಬ್ಬ ಹುಡುಗನಿಗೆ ಮಾತ್ರ ಗೊತ್ತಿತ್ತು. ಬುಧವಾರ ಬಂದು, "ಸರ್, ಅಪ್ಪನಿಗೆ ಹುಷಾರಿಲ್ಲ, ಊರಿಗೆ ಹೋಗಿ ಬರ್ಲಾ?" ಅಂದ. "ಶನಿವಾರ ರಿಲೀಸ್ ಮುಗಿಸಿ ಹೋಗು" ಅಂದೆ. ಶುಕ್ರವಾರ ರಾತ್ರಿ ಊರಿಂದ ಫೋನ್ ಬಂತು. ಅಪ್ಪ ತೀರಿಕೊಂಡಿದ್ದರು.

ಅವನು ಹೊರಟ. ನಾನು ಗ್ರಾಹಕರಿಗೆ ಒಂದು ಫೋನ್ ಮಾಡಿದೆ, ರಿಲೀಸ್ ಮುಂದಿನ ವಾರಕ್ಕೆ ಹೋಯ್ತು, ಅಷ್ಟೆ. ಆ ಫೋನ್ ಬುಧವಾರವೇ ಮಾಡಬಹುದಿತ್ತು. ವಾಪಸ್ ಬಂದ ಮೇಲೂ ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತೆ.

ಅದಕ್ಕೇ ಕ್ಲಾಸಿನಲ್ಲಿ ಎಲ್ಲರ ಕೈಲೂ ಬರೆಸ್ತೀನಿ: ಹೆಸರು, ಸಂದರ್ಭ, ಎಳೆದಾಟ, ಪರಿಹಾರ, ಅದರಿಂದಾಗುವ ನಷ್ಟ. ಎಳೆದಾಟವೇ ಮುಖ್ಯ. ಗೊತ್ತಿದ್ದವನು ಒಂದು ಗಂಟೆಯಲ್ಲಿ ಮುಗಿಸ್ತಾನೆ, ಇನ್ನೊಬ್ಬನಿಗೆ ಕಲಿಸೋಕೆ ಒಂದು ವಾರ ಬೇಕು. ಹಾಗಾಗಿ ಯಾರೂ ಕಲಿಸೋಲ್ಲ. ಪರಿಹಾರ: ಪ್ರತಿ ಕೆಲಸಕ್ಕೂ ಜೋಡಿ, ಮೂರನೇ ಸಲ ಎರಡನೆಯವನೇ ಮಾಡಬೇಕು. ಮೊದಮೊದಲು ಕೆಲಸ ನಿಧಾನವಾಗುತ್ತೆ, ಅದನ್ನೂ ಬರೀಬೇಕು.

ಸಾತಾರಾದ ಹುಡುಗಿಯೊಬ್ಬಳು ಇದಕ್ಕೆ 'ಏಕಚ್ ಕಿಲ್ಲಿ' ಅಂತ ಮರಾಠಿ ಹೆಸರಿಟ್ಟಳು. ನಮ್ಮ ಕೀಲಿಕೈಯೇ! ಈಗ ಮೀಟಿಂಗಿನಲ್ಲಿ ತೀರಾ ಕಿರಿಯರೂ "ಸರ್, ಇಲ್ಲಿ ಏಕಚ್ ಕಿಲ್ಲಿ" ಅಂತಾರೆ. ಯಾರನ್ನೂ ದೂರಿದ ಹಾಗಾಗಲ್ಲ, ಹೇಳಬೇಕಾದ್ದು ಹೇಳಿದ ಹಾಗೂ ಆಗುತ್ತೆ.

ನಿಮ್ಮ ಆಫೀಸಿನ ಬೀಗದ ಕೈ ಯಾರ ಹತ್ತಿರ ಇದೆ? ಒಬ್ಬರ ಹತ್ತಿರವೇ ಆದ್ರೆ, ಅವರು ರಜೆ ಕೇಳೋ ಮೊದಲೇ ಇನ್ನೊಂದು ಮಾಡಿಸಿಡಿ.