ಲಾಕ್ ಸ್ವಿಲ್ಲಿಯಿಂದ ಓಲ್ನಿಗೆ

ಐರ್ಲೆಂಡಿನ ಉತ್ತರ ಅಂಚಿನಲ್ಲಿ, ಡಾನಿಗಾಲ್ ಸೀಮೆಯ ಬೆಟ್ಟಗಳ ನಡುವೆ ಕಡಲು ಒಳನುಗ್ಗಿ ನಿಂತ ಕಿರಿದಾದ ಕೊಲ್ಲಿಯೇ ಲಾಕ್ ಸ್ವಿಲ್ಲಿ. 1748ರ ಏಪ್ರಿಲ್‌ನಲ್ಲಿ ಗ್ರೇಹೌಂಡ್ ಎಂಬ ಹಡಗು ಜಖಂಗೊಂಡು ಇಲ್ಲಿ ಲಂಗರು ಹಾಕಿತು. ಮುಂದೆ ‘ಅಮೇಜಿಂಗ್ ಗ್ರೇಸ್’ ಎಂಬ ಸ್ತುತಿಗೀತೆ ಬರೆದ ಜಾನ್ ನ್ಯೂಟನ್ ಅದರಲ್ಲಿದ್ದ. ಅವನ ಜಾಡು ಹಿಡಿಯುವವರಿಗೆ ಬಂಕ್ರಾನಾ ಎಂಬ ಈ ದಡದ ಊರೇ ಮೊದಲ ನಿಲ್ದಾಣ. ನಾನು ಹೊರಟದ್ದೂ ಇಲ್ಲಿಂದಲೇ.

ಆ ಹಡಗು ಉಳಿದದ್ದೇ ಹೆಚ್ಚು. ಮಾರ್ಚ್‌ನ ಒಂದು ರಾತ್ರಿ ಅಟ್ಲಾಂಟಿಕ್‌ನ ಬಿರುಗಾಳಿಗೆ ಅದರ ಮಗ್ಗುಲು ಒಡೆದು ನೀರು ನುಗ್ಗಿತು. ಹಡಗಿನ ಮೇಲ್ಭಾಗಕ್ಕೆ ಏರುತ್ತಿದ್ದ ನ್ಯೂಟನ್‌ನನ್ನು ಕಪ್ತಾನ ಚಾಕು ತರಲು ವಾಪಸು ಕಳಿಸಿದ; ಅವನ ಬದಲು ಏರಿದವನನ್ನು ಅಲೆ ಎಳೆದೊಯ್ದಿತು. ಸರಕಿನಲ್ಲಿ ಜೇನುಮೇಣ, ಬಣ್ಣದ ಮರದಂಥ ಹಗುರ ವಸ್ತುಗಳಿದ್ದದ್ದರಿಂದ ಹಡಗು ಮುಳುಗಲಿಲ್ಲ. ದೇವರನ್ನು ಗೇಲಿ ಮಾಡುತ್ತಲೇ ಬಂದಿದ್ದ 22ರ ಯುವಕ, ಪಂಪು ಒತ್ತಿ ಒತ್ತಿ ಸೋತಾಗ, ಅವನ ಬಾಯಲ್ಲಿ ತಾನಾಗಿಯೇ ದೇವರ ಕರುಣೆಯ ಮಾತು ಬಂತು. ಮರುಕ್ಷಣವೇ, ತನ್ನಂಥವನಿಗೆ ಕರುಣೆ ಎಲ್ಲಿಯದು ಎಂಬ ದಿಗಿಲೂ ಹತ್ತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಉಪದೇಶ ಮಾಡುವವರಿಗೆ ಅನುಕೂಲವಾಗುತ್ತಿತ್ತು. ಆದರೆ ಮುಂದಿನ ಊರು ಲಿವರ್‌ಪೂಲ್. 1750ರಿಂದ 1754ರ ನಡುವೆ ನ್ಯೂಟನ್ ಈ ಬಂದರಿನಿಂದ ಗುಲಾಮರ ಹಡಗುಗಳ ಕಪ್ತಾನನಾಗಿ ಮೂರು ಸಲ ಆಫ್ರಿಕಾಕ್ಕೆ ಹೋದ. ಮೇಲೆ ಭಾನುವಾರದ ಪ್ರಾರ್ಥನೆ, ಕೆಳಗೆ ಸಂಕೋಲೆ. ಕೆಲಸ ಬಿಟ್ಟದ್ದು ಕೂಡ ಮನಸ್ಸು ಚುಚ್ಚಿ ಅಲ್ಲ, ಕಾಯಿಲೆ ಬಿದ್ದು.

ಅಲ್ಲಿಂದ ಮುಂದಿನ ನಿಲ್ದಾಣ ಓಲ್ನಿ. ಅಲ್ಲಿಗೆ ಈಗ ರೈಲಿಲ್ಲ. ಮಿಲ್ಟನ್ ಕೀನ್ಸ್‌ನಿಂದ ಬಸ್ಸು. ಗ್ರೇಟ್ ಊಸ್ ನದಿಯ ಪಕ್ಕದ ಈ ಪುಟ್ಟ ಪೇಟೆಗೆ ನ್ಯೂಟನ್ 1764ರಲ್ಲಿ ಪಾದ್ರಿಯಾಗಿ ಬಂದ. ಲೇಸ್ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಬಡವರ ಪ್ರಾರ್ಥನಾ ಕೂಟಗಳಿಗೆಂದು ಗೀತೆ ಬರೆಯತೊಡಗಿದ. ‘ಅಮೇಜಿಂಗ್ ಗ್ರೇಸ್’ 1773ರ ಜನವರಿ 1ರ ಪ್ರವಚನದ ಜೊತೆಗೆ ಹೊರಬಂತೆಂದು ವಿದ್ವಾಂಸರ ಅಂದಾಜು. ಬಿರುಗಾಳಿಗೂ ಈ ಸ್ತುತಿಗೂ ನಡುವೆ ಸುಮಾರು 25 ವರ್ಷ. ಇಂದು ಎಲ್ಲರೂ ಹಾಡುವ ರಾಗ ಅದಕ್ಕೆ ಕೂಡಿದ್ದು ಅಮೆರಿಕದಲ್ಲಿ, 1835ರಲ್ಲಿ.

ಪೇಟೆಯ ಚೌಕದಲ್ಲಿರುವ ಆರ್ಚರ್ಡ್ ಸೈಡ್ ಮನೆ ಈಗ ವಸ್ತುಸಂಗ್ರಹಾಲಯ. ಇಲ್ಲಿದ್ದ ಕವಿ ವಿಲಿಯಂ ಕೂಪರ್ ನ್ಯೂಟನ್‌ನ ಆಪ್ತ. 1779ರಲ್ಲಿ ಅಚ್ಚಾದ ‘ಓಲ್ನಿ ಹಿಮ್ಸ್’ ಎಂಬ ಸ್ತುತಿಗೀತೆಗಳ ಸಂಕಲನ ಇಬ್ಬರದೂ ಹೌದು. ಈ ಮನೆಗೂ ನ್ಯೂಟನ್‌ನ ಪಾದ್ರಿಮನೆಗೂ ನಡುವಿನ ತೋಟ ಹಾಯಲು ಅವರು ವರ್ಷಕ್ಕೊಂದು ಗಿನಿ ನಾಣ್ಯ ತೆರುತ್ತಿದ್ದರಂತೆ. ಅದೇ 1773ರ ಜನವರಿಯಲ್ಲಿ ಕೂಪರ್ ಮನೋವ್ಯಾಧಿಗೆ ಸಿಕ್ಕ. ದೇವರು ತನ್ನನ್ನು ಕೈಬಿಟ್ಟನೆಂಬ ನಂಬಿಕೆ ಅವನನ್ನು ಸಾಯುವತನಕ ಬಿಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ನ್ಯೂಟನ್‌ನ ಪಾದ್ರಿಮನೆಯಲ್ಲೇ ಉಳಿದ. ಗೆಳೆಯ ಅವನನ್ನು ಹೊರಗೆ ಹಾಕಲಿಲ್ಲ, ವಾದದಲ್ಲಿ ಗೆಲ್ಲಲೂ ಆಗಲಿಲ್ಲ. ಈ ಪಯಣದಲ್ಲಿ ಕೊಲ್ಲಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಈ ತೋಟವೇ.

ನ್ಯೂಟನ್ ಗುಲಾಮ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿದ್ದು 1788ರಲ್ಲಿ, ಲಂಡನ್‌ಗೆ ಹೋದ ಮೇಲೆ, ತನ್ನದೇ ಪಾಲನ್ನು ಒಪ್ಪಿಕೊಂಡು. ಅವನು ತೀರಿಕೊಂಡ 1807ರಲ್ಲೇ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಲಂಡನ್ನಿನ ಸೇಂಟ್ ಮೇರಿ ವುಲ್ನೋತ್ ಚರ್ಚಿನಲ್ಲಿದ್ದ ಅವನ ಅವಶೇಷಗಳನ್ನು 1893ರಲ್ಲಿ ಓಲ್ನಿಗೆ ತಂದರು. ಸಮಾಧಿಯ ಬರಹ ಅವನೇ ಬರೆದಿಟ್ಟದ್ದು. ಅದರಲ್ಲಿ ಪಾದ್ರಿಯ ಹುದ್ದೆಯ ಜೊತೆಗೆ ಹಳೆಯ ಬಾಳನ್ನೂ ಕೆತ್ತಿಸಿದ್ದಾರೆ.