ಗೋಡೆಗಿಳಿದ ಸೀಲನ್

ರಮಝಾನ್ ಚಂದ್ರ ಕಾಣುವುದಕ್ಕೆ ಹದಿನೈದು ದಿನ ಮುಂಚೆ ನಮ್ಮ ಮನೆಗೆ ಸುಣ್ಣ ಬೀಳುತ್ತದೆ. ಅಬ್ಬಾ ಇದ್ದಾಗಿನಿಂದ ನಡೆದು ಬಂದ ರೂಢಿ. ಹೊಸಪೇಟೆಯಲ್ಲಿ ಬಸವಣ್ಣ ಕಾಲುವೆಯಿಂದ ಬಹಳ ದೂರವಲ್ಲದ ಓಣಿಯೊಂದರಲ್ಲಿ, ಎರಡು ಮನೆಗಳು ಒಂದೇ ಗೋಡೆಯನ್ನು ಹಂಚಿಕೊಂಡಿರುವ ಹಳೆಯ ಕಟ್ಟಡ ನಮ್ಮದು. ಪಡಸಾಲೆಗೆ ಸುಣ್ಣದಲ್ಲಿ ನೀಲಿ ಬೆರೆಸಿ, ನಡುಮನೆಗೆ ಹಸಿರು ಬೆರೆಸಿ, ಬಚ್ಚಲಿಗೆ ಬರೀ ಸುಣ್ಣ. ಪ್ರತಿವರ್ಷ ನಡುಮನೆಯ ಒಂದು ಮೂಲೆಗೆ ಬಂದಾಗ ಸುಣ್ಣ ಹೊಡೆಯುವವನು ಕೈ ತಡೆದು ನಮ್ಮ ಮುಖ ನೋಡುತ್ತಿದ್ದ. ಅಲ್ಲಿ ಮೊಳದಷ್ಟು ಜಾಗದಲ್ಲಿ ಕಪ್ಪು ಚುಕ್ಕೆಗಳು ಹರಡಿರುತ್ತಿದ್ದವು. "ಅಲ್ಲಿ ಎರಡು ಕೈ ಜಾಸ್ತಿ ಹೊಡಿಯಪ್ಪಾ" ಎನ್ನುತ್ತಿದ್ದೆವು. ಈದ್‌ಗೆ ಬಂದವರು ಶೀರ್ ಖುರ್ಮಾ ಕುಡಿದು, ಮನೆ ಹೊಸದರಂತೆ ಕಾಣುತ್ತಿದೆ ಎಂದು ಹೇಳಿ ಹೋಗುತ್ತಿದ್ದರು. ಬಕ್ರೀದ್ ಬರುವಷ್ಟರಲ್ಲಿ ಚುಕ್ಕೆಗಳು ಮತ್ತೆ ಮೂಡಿರುತ್ತಿದ್ದವು.

ಅಮ್ಮಿ ಅದನ್ನು ಸೀಲನ್ ಅನ್ನುತ್ತಾರೆ. ಕನ್ನಡ ಶಾಲೆಗೆ ಹೋದ ಮೇಲೆ ನಮಗೆ ಸಿಕ್ಕ ಮಾತು ಬೂಷ್ಟು. ಉರ್ದು ಮಾತು ಗೋಡೆಗೆ ಇಳಿದ ತೇವವನ್ನು ಹೇಳುತ್ತದೆ, ಕನ್ನಡ ಮಾತು ಆ ತೇವದ ಮೇಲೆ ಬೆಳೆದದ್ದನ್ನು. ಎರಡೂ ಭಾಷೆ ಕಲಿತ ನಾವು ಒಂದನ್ನು ಕಂಡಾಗ ಇನ್ನೊಂದನ್ನು ಹುಡುಕಬೇಕಿತ್ತು. ಹುಡುಕಲಿಲ್ಲ.

ಆ ಮೂಲೆಗೆ ಒತ್ತಿಕೊಂಡೇ ನಮ್ಮ ತಂಗಿಯ ಮಗನ ಹಾಸಿಗೆ. ಆರು ವರ್ಷದ ಹುಡುಗ. ಮಳೆಗಾಲ ಬಂತೆಂದರೆ ಅವನ ಎದೆಯೊಳಗೆ ಸುಂಯ್ ಸುಂಯ್ ಎಂದು ಸಿಳ್ಳೆ ಕೇಳುತ್ತಿತ್ತು. ಅಮ್ಮಿ ಜೋಶಾಂದಾ ಕುದಿಸಿ ಕುಡಿಸುತ್ತಿದ್ದರು, ಎದೆಗೆ ಬೆಚ್ಚನೆಯ ಎಣ್ಣೆ ತಿಕ್ಕುತ್ತಿದ್ದರು. ಒಂದು ರಾತ್ರಿ ಉಸಿರು ಸಿಗದೆ ಹುಡುಗನ ತುಟಿ ನೀಲಿಗಟ್ಟಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಮೂಗಿಗೆ ನೆಬುಲೈಸರ್ ಹಿಡಿದು ಅವನು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಡಾಕ್ಟರು ಕೇಳಿದರು: "ಮನೆಯಲ್ಲಿ ಗೋಡೆ ಥಂಡಿ ಹಿಡಿದಿದೆಯಾ? ಬೂಷ್ಟು ಏನಾದರೂ ಇದೆಯಾ?"

"ಇಲ್ಲ ಡಾಕ್ಟ್ರೇ, ಮೊನ್ನೆ ತಾನೇ ಸುಣ್ಣ ಮಾಡಿಸಿದ್ದೇವೆ" ಎಂದೆವು ನಾವು. ಬಾಯಿಂದ ಬರುವಾಗ ಅದು ಸುಳ್ಳೆಂದು ಅನಿಸಲಿಲ್ಲ. ತಂಗಿ ಒಮ್ಮೆ ನಮ್ಮ ಕಡೆ ನೋಡಿದಳು, ಮಾತಾಡಲಿಲ್ಲ.

ಆಮೇಲೆ ನಾವು ಓದಿ ತಿಳಿದುಕೊಂಡದ್ದು ಇಷ್ಟು. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ಅವನ್ನು ಮನೆಯಿಂದ ಹೊರಗಿಡುವುದು ಸಾಧ್ಯವಿಲ್ಲ. ಅವಕ್ಕೆ ತಿನ್ನಲು ಗೋಡೆಯ ಮೇಲಿನ ಧೂಳು, ಬಣ್ಣದ ಅಂಟು, ಕಾಗದ, ಕಟ್ಟಿಗೆ ಏನಾದರೂ ಆಗುತ್ತದೆ. ಬೇಕಾದದ್ದು ನೀರು. ಒದ್ದೆಯಾದ ಜಾಗ ಒಂದೆರಡು ದಿನ ಆರದೆ ಉಳಿದರೂ ಬೇರು ಬಿಡುತ್ತವೆ. ಹಸಿ ಸುಣ್ಣದಲ್ಲಿ ಕ್ಷಾರ ಇರುವುದರಿಂದ ಕೆಲವು ವಾರ ತಡೆಯುತ್ತದೆ, ಗಾಳಿಗೆ ಸುಣ್ಣದ ಖಾರ ಇಳಿದಂತೆ ಮತ್ತೆ ಬರುತ್ತವೆ. ನಮ್ಮ ಈದ್‌ಗೂ ಬಕ್ರೀದ್‌ಗೂ ನಡುವಿನ ಲೆಕ್ಕ ಇದೇ ಆಗಿತ್ತು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಅಸ್ತಮಾ, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿ ಹೇಳಿದೆ.

ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಎಂಬ ಮಗುವಿತ್ತು. ಸುಡಾನಿನಿಂದ ಬಂದ ಕುಟುಂಬ, ಬಾಡಿಗೆಯ ಫ್ಲ್ಯಾಟು. ಗೋಡೆಗೆ ಬೂಷ್ಟು ಹಿಡಿದಿದೆ ಎಂದು ತಂದೆ 2017ರಲ್ಲೇ ದೂರು ಕೊಟ್ಟಿದ್ದರು, ಮೇಲೆ ಬಣ್ಣ ಹೊಡೆದುಕೊಳ್ಳಿ ಎಂಬ ಉತ್ತರ ಬಂತು. 2020ರ ಡಿಸೆಂಬರ್‌ನಲ್ಲಿ, ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣವೆಂದು 2022ರ ನವೆಂಬರ್‌ನಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು. ಈಗ ಆ ಮಗುವಿನ ಹೆಸರಿನ ಕಾನೂನು ಅಲ್ಲಿ 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅಲ್ಲಿ ಆ ತಂದೆಗೆ ಬಣ್ಣ ಹೊಡಿ ಎಂದವರು ಬೇರೆಯವರು. ಇಲ್ಲಿ ಹಾಗೆಂದವರು ನಾವೇ.

ಓಣಿಯಲ್ಲಿ ನಳ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರನ್ನು ಕರೆಸಿದೆವು. ಬಂದವರು ಪಾನಾ ಕೈಗೆ ತೆಗೆದುಕೊಳ್ಳದೆ ಪೆನ್ಸಿಲ್ ಕೇಳಿದರು. ತೇವದ ಜಾಗದ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ಬೆರಳಿಗೆ ನೀರು ಹಚ್ಚಿಕೊಂಡು ಗೋಡೆಯ ಬಿಳಿ ಪುಡಿಯನ್ನು ಉಜ್ಜಿದರು. ಅದು ಕರಗಿತು. "ಇದು ಉಪ್ಪು, ಬೋರಿನ ನೀರಿಂದು. ಕರಗದೇ ಇರೋ ಕರಿ ಚುಕ್ಕಿ ಐತಲ್ಲ, ಅದು ಬೂಷ್ಟು" ಎಂದರು. ರಾತ್ರಿ ಎಲ್ಲ ನಳ ಬಂದ್ ಮಾಡಿ, ಮೋಟಾರು ನಿಲ್ಲಿಸಿ, ಮೇಲಿನ ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿಕೊಳ್ಳಲು ಹೇಳಿ ಹೋದರು. ಮರುದಿನ ಫಜ್ರ್‌ನ ಹೊತ್ತಿಗೆ, ವುಝೂಗೂ ನಳ ತಿರುಗಿಸದೆ ಕೊಡದ ನೀರೇ ಬಳಸಿ, ಮೇಲೆ ಹತ್ತಿ ಕೋಲು ಇಳಿಸಿದೆವು. ನಾಲ್ಕು ಬೆರಳು ನೀರು ಕಡಿಮೆಯಾಗಿತ್ತು.

ಗೋಡೆ ಒಡೆದರು. ಅಬ್ಬಾ ಹಾಕಿಸಿದ್ದ ಜಿ.ಐ. ಪೈಪು ಗೋಡೆಯೊಳಗೆ ಹೂತುಹೋಗಿತ್ತು. ಎಲ್ಬೋ ಇರುವ ಕಡೆ ತುಕ್ಕು ತಿಂದು ಕಬ್ಬಿಣ ಹಪ್ಪಳದಂತಾಗಿತ್ತು. ನೀರು ಚಿಮ್ಮುತ್ತಿರಲಿಲ್ಲ, ಬೆವರುತ್ತಿತ್ತು. ಉಸ್ತಾದ್ ಅಷ್ಟಕ್ಕೇ ಬಿಡಲಿಲ್ಲ. ಟ್ಯಾಂಕು ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ಪೈಪು ಮೋಟಾಗಿದ್ದು, ನೀರೆಲ್ಲ ಅದೇ ಗೋಡೆಯ ಮೇಲೆ ಇಳಿಯುತ್ತಿರುವುದನ್ನು ತೋರಿಸಿದರು. ನಮ್ಮ ಓಣಿಗೆ ದಿನಾ ನೀರು ಬರುವುದಿಲ್ಲ. ಬಂದ ದಿನ ಟ್ಯಾಂಕು ತುಂಬಿ ಸುರಿಯುವ ಸದ್ದು ಕೇಳಿ, ಇವತ್ತು ನೀರಿಗೆ ಬರವಿಲ್ಲ ಎಂದು ಸಂತೋಷ ಪಡುತ್ತಿದ್ದವರು ನಾವು. ಬಚ್ಚಲಿನ ನೆಲದಲ್ಲಿ ನೀರು ಇಳಿಯುವ ಜಾಲರಿಯ ಸುತ್ತಲೂ ಸಿಮೆಂಟು ಬಿಟ್ಟಿತ್ತು.

"ಅಮ್ಮಾ, ಇದು ನಿನ್ನೆ ಮೊನ್ನೆ ಬಿದ್ದ ತೂತಲ್ಲ. ಮೂರ್ನಾಲ್ಕು ವರ್ಷದ್ದೈತಿ. ನಿಮಗ ಗೊತ್ತಿರಲಿಲ್ಲ ಅಂದ್ರ ನಾ ನಂಬೂದಿಲ್ಲ" ಎಂದರು ಅಮ್ಮಿಗೆ. ಅಮ್ಮಿ ಸೆರಗು ಸರಿಮಾಡಿಕೊಂಡು ಒಳಗೆ ಚಹಾ ಮಾಡಲು ಹೋದರು.

ಒಡೆಯುವ ಸದ್ದು ಕೇಳಿ ಪಕ್ಕದ ಮನೆಯ ಟೀಚರಮ್ಮ ಬಂದರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ತೂತನ್ನು ಬಗ್ಗಿ ನೋಡಿ ಏನೂ ಹೇಳದೆ, "ಒಂದು ನಿಮಿಷ ನಮ್ಮನಿಗೆ ಬರ್ರಿ" ಎಂದು ಕರೆದುಕೊಂಡು ಹೋದರು. ಅವರ ಕೋಣೆಯಲ್ಲಿ ನಮ್ಮ ಮೂಲೆಗೆ ಬೆನ್ನು ಕೊಟ್ಟ ಜಾಗದಲ್ಲಿ ಒಂದು ಖಾಲಿ ಮೊಳೆ, ಸುತ್ತಲೂ ನಮ್ಮದೇ ಕಪ್ಪು ಚುಕ್ಕೆಗಳು.

"ಇಲ್ಲಿ ನಮ್ಮನಿಯವರ ಫೋಟೋ ಇತ್ತು. ಗಾಜಿನೊಳಗ ಬೂಷ್ಟು ಬಂದು ಮುಖ ಅರ್ಧ ಹೋತು. ತಗದಿಟ್ಟೀನಿ."

ಯಾವಾಗ ಎಂದು ಕೇಳಿದೆವು. ಎರಡು ವರ್ಷವಾಯಿತಂತೆ. ಹೇಳಬಾರದಿತ್ತೇ ಎಂದೆವು.

"ಹೇಳೋಣಂತ ಎರಡು ಸಲ ನಿಮ್ಮ ಬಾಗಿಲ ತನಕ ಬಂದಿದ್ದೆ. ಈಗಿನ ದಿನಮಾನ ಹೆಂಗದಾವ ನಿಮಗೇ ಗೊತ್ತೈತಿ. ನಾವು ಒಂದು ಮಾತು ಅಂದ್ರ ಓಣಿಯವರ ಬಾಯಾಗ ಅದು ಇನ್ನೇನೋ ಆಗತೈತಿ. ಬ್ಯಾಡ ಅನಿಸ್ತು."

ನಾವು ತಲೆ ತಗ್ಗಿಸಿದೆವು. ಏಕೆಂದರೆ ನೀರು ಅವರ ಬಚ್ಚಲಿನಿಂದ ಬರುತ್ತಿರಬಹುದು ಎಂದು ಮನೆಯೊಳಗೆ ನಾವು ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಕೇಳಿದರೆ ಬೇರೆ ಅರ್ಥ ಬಂದೀತೆಂದು ನಾವೂ ಸುಮ್ಮನಿದ್ದೆವು. ಯುಗಾದಿಗೆ ಹೋಳಿಗೆ, ಈದ್‌ಗೆ ಶೀರ್ ಖುರ್ಮಾ ತಪ್ಪದೆ ಆಚೆಗೂ ಈಚೆಗೂ ಹೋಗುತ್ತಿತ್ತು. ನಡುವಿನ ಗೋಡೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ.

ನಾಚಿಕೆ ಹೆಚ್ಚಾಗಲು ಇನ್ನೊಂದು ಕಾರಣವಿತ್ತು. ನಮ್ಮ ಚಾಚಾ ಹಂಪಿ ಬಜಾರಿನ ಮಂಟಪವೊಂದರಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ವಿರೂಪಾಕ್ಷ ಗುಡಿಯ ಎದುರಿನ ಆ ಬೀದಿಯ ಕಲ್ಲು ಮಂಟಪಗಳಲ್ಲಿ, ಕಂಬಗಳ ನಡುವೆ ಗೋಡೆ ಕಟ್ಟಿಕೊಂಡು ಜನ ಆಗ ಬದುಕುತ್ತಿದ್ದರು. ಹೊಡೆದ ಮೊಳೆ, ಮೆತ್ತಿದ ಸಿಮೆಂಟಿನಿಂದ ಆ ಕಲ್ಲುಗಳಿಗೆ ನೋವಾದದ್ದೂ ನಿಜ, ಚಾಚಾ ಅದಕ್ಕೆ ಹೊರತಲ್ಲ. ಆದರೆ ಮೃಗಶಿರಾ ಮಳೆಗೆ ಮೊದಲು ಅವರು ಮಂಟಪದ ಮೇಲೆ ಹತ್ತುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಬೇಸಿಗೆ ರಜೆಯಲ್ಲಿ ಗಾರೆಯ ಬಾಂಡಲಿ ಹೊತ್ತು ಹಿಂದೆ ಹತ್ತುವ ಕೆಲಸ ನಮ್ಮದು. ಮೇಲೆ ಕೂತ ಮಣ್ಣು ಗುಡಿಸಿ, ಸಂದಿಯಲ್ಲಿ ಮೊಳೆತ ಅರಳಿ ಗಿಡವನ್ನು ಬೇರಿನ ತನಕ ಕಿತ್ತು, ಸುಣ್ಣ ಮರಳಿಗೆ ಬೆಲ್ಲದ ನೀರು ಹಾಕಿ ಕಲಸಿದ ಗಾರೆಯನ್ನು ಬೆರಳಿನಿಂದ ಒತ್ತಿ ತುಂಬುತ್ತಿದ್ದರು. ಬೆರಳುಗಳು ಸುಟ್ಟು ಸುಕ್ಕಾಗುತ್ತಿದ್ದವು. "ಪತ್ಥರ್ ನಹೀ ಟಪಕ್ತಾ ಬೇಟಾ, ಜೋಡ್ ಟಪಕ್ತಾ" ಎನ್ನುತ್ತಿದ್ದರು. ಕಲ್ಲು ಸೋರುವುದಿಲ್ಲ, ಸೋರುವುದು ಸಂದು. ಅವರ ಅಂಗಡಿಯಲ್ಲಿ ಪುಸ್ತಕ ಇಟ್ಟರೂ ಬೂಷ್ಟು ಹಿಡಿಯುತ್ತಿರಲಿಲ್ಲ.

2011ರ ಜುಲೈ 29ರಂದು ಯಂತ್ರಗಳು ಬಂದು ಬಜಾರಿನ ಗೋಡೆಗಳನ್ನು ಕೆಡವಿದವು. ಎಬ್ಬಿಸಿದ ಕುಟುಂಬಗಳಿಗೆ ಕದಿರಾಂಪುರದ ಕಡೆ ಜಾಗವೆಂದು ಆಯಿತು. ಅದು ಬೇರೆಯದೇ ಕತೆ, ಇಲ್ಲಿ ಬೇಡ. ಚಾಚಾ ಈಗಿಲ್ಲ. 2024ರ ಮೇ ತಿಂಗಳಲ್ಲಿ ಮಳೆ ಬಿದ್ದು ಅಲ್ಲಿನ ಸಾಲುಮಂಟಪದ ಒಂದು ಭಾಗ ಕುಸಿಯಿತು ಎಂದು ಪತ್ರಿಕೆಯಲ್ಲಿ ಬಂತು. ಜನರನ್ನು ಎಬ್ಬಿಸಿದ್ದರಿಂದಲೇ ಕುಸಿಯಿತೆಂದು ನಾವು ಹೇಳುತ್ತಿಲ್ಲ, ಅವು ಶತಮಾನಗಳ ಕಲ್ಲುಗಳು. ಬಾಂಡಲಿ ನೆನಪಾಯಿತು, ಅಷ್ಟೆ.

ನಮ್ಮ ಸೀಮೆಯೇ ನೀರಿನ ಸೀಮೆ. 1443ರಲ್ಲಿ ಇಲ್ಲಿಗೆ ಬಂದ ಅಬ್ದುಲ್ ರಜಾಕ್, ನುಣ್ಣಗೆ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬರೆದಿಟ್ಟ. ಅರಮನೆಯ ಆವರಣದಲ್ಲಿ ಕಂಬಗಳ ಮೇಲೆ ಹೋಗುವ ಕಲ್ಲಿನ ದೋಣಿ ಇಂದು ಒಣಗಿ ನಿಂತಿದೆ, ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಅದೇ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇವತ್ತಿಗೂ ನೀರಿದೆ, ಬಾಳೆ ಭತ್ತ ಬೆಳೆಯುತ್ತವೆ. ಹೂಳು ತೆಗೆಯುವವರು, ಬಿರುಕು ಮುಚ್ಚುವವರು ತಲೆಮಾರಿನಿಂದ ತಲೆಮಾರಿಗೆ ಇದ್ದರು ಎಂಬುದಷ್ಟೇ ವ್ಯತ್ಯಾಸ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಹೊಸಪೇಟೆ ನಿದ್ದೆಗೆಟ್ಟಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸದ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆ ದಿನಗಳಲ್ಲಿ ಓಣಿಯ ಕಟ್ಟೆಯ ಮೇಲೆ ಕೂತು, ಸರಪಳಿಯನ್ನು ಮೊದಲೇ ನೋಡಬೇಕಿತ್ತು ಎಂದು ಎಲ್ಲರಿಗಿಂತ ಜೋರಾಗಿ ಮಾತಾಡಿದವರಲ್ಲಿ ನಾವೂ ಇದ್ದೆವು. ಬೆನ್ನ ಹಿಂದಿನ ಗೋಡೆಯೊಳಗೆ ಎಲ್ಬೋ ಬೆವರುತ್ತಿತ್ತು.

ಉಸ್ತಾದ್ ಹಳೆಯ ಪೈಪನ್ನು ಗೋಡೆಯೊಳಗೇ ಸಾಯಲು ಬಿಟ್ಟು, ಹೊಸ ಪಿವಿಸಿ ಪೈಪನ್ನು ಕಣ್ಣಿಗೆ ಕಾಣುವಂತೆ ಗೋಡೆಯ ಹೊರಗೇ ಎಳೆದರು. ನೋಡಲು ಚೆಂದವಿಲ್ಲ ಎಂದು ತಂಗಿ ಗೊಣಗಿದಳು. ಮೇಲಿನ ಪೈಪಿಗೆ ಉದ್ದ ಕೊಟ್ಟು ನೀರನ್ನು ಚರಂಡಿಗೆ ಮುಟ್ಟಿಸಿದರು. ತೊಟ್ಟಿಕ್ಕುವ ನಳಗಳಿಗೆ ಹೊಸ ವಾಷರ್ ಬಿತ್ತು. ಖರ್ಚು ಮೂರು ರಮಝಾನ್‌ಗಳ ಸುಣ್ಣಕ್ಕಿಂತ ಕಡಿಮೆಯಾಯಿತು. ಬೂಷ್ಟು ಹಿಡಿದ ಗಿಲಾವನ್ನು ಒಣಗಿದ್ದಾಗ ಕೆರೆದರೆ ಪುಡಿ ಮನೆಯೆಲ್ಲ ಹಾರುತ್ತದೆ. ನೀರು ಚಿಮುಕಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹುಡುಗನನ್ನು ಎರಡು ದಿನ ಮಾಮುವಿನ ಮನೆಗೆ ಕಳಿಸಿ ಕೆರೆದೆವು. ಗೋಡೆ ಆರಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಆ ವರ್ಷದ ಈದ್‌ಗೆ ಬಂದವರೆಲ್ಲ ಬೆತ್ತಲೆ ಇಟ್ಟಿಗೆ ನೋಡಿದರು.

ಡಾಕ್ಟರ ಹತ್ತಿರ ಮತ್ತೆ ಹೋಗಿ ಅಂದು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆವು. ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಕಳೆದ ಮಳೆಗಾಲದಲ್ಲಿ ಹುಡುಗನಿಗೆ ಒಂದೇ ಸಲ ನೆಬುಲೈಸರ್ ಬೇಕಾಯಿತು. ಎಲ್ಲವೂ ಗೋಡೆಯಿಂದಲೇ ಎಂದು ಅವರು ಹೇಳಲಿಲ್ಲ, ಇನ್‌ಹೇಲರ್ ಬಿಡಬೇಡಿ ಎಂದರು.

ಈಗ ತಿಂಗಳ ಮೊದಲ ಶುಕ್ರವಾರ, ಜುಮಾಗೆ ಹೋಗುವ ಮುಂಚೆ, ಕೋಲಿನ ಪರೀಕ್ಷೆ ನಡೆಯುತ್ತದೆ. ಸಿಂಕಿನ ಕೆಳಗೆ, ನಳದ ಬುಡದಲ್ಲಿ ಒಣ ಕಾಗದ ಒತ್ತಿ ನೋಡುತ್ತೇವೆ. ಹುಡುಗನಿಗೆ ಅದೊಂದು ಆಟ, ಕಾಗದ ಒದ್ದೆಯಾದರೆ ಓಡಿ ಬಂದು ತೋರಿಸುತ್ತಾನೆ. ಟೀಚರಮ್ಮನ ಕಡೆಯ ಗೋಡೆ ಇನ್ನೂ ಪೂರ್ತಿ ಆರಿಲ್ಲ. ಅವರೇ ಪೆನ್ಸಿಲ್ ಹಿಡಿದು ತೇವದ ಸುತ್ತ ಗೆರೆ ಎಳೆದು, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಹಾಗೆ ಗುಂಡಗೆ ತಾರೀಖು ಹಾಕುತ್ತಾರೆ. ಮೂರು ಗೆರೆಗಳಾಗಿವೆ. ಮೂರನೆಯದು ಎರಡನೆಯದರ ಒಳಗಿದೆ. ಫೋಟೋವನ್ನು ಸ್ಟುಡಿಯೋದಲ್ಲಿ ಸರಿಮಾಡಿಸಿ ತಂದಿದ್ದೇವೆ, ಮೊಳೆಗೆ ಹಾಕೋಣವೇ ಎಂದು ಮೊನ್ನೆ ಕೇಳಿದೆವು.

"ಇನ್ನೊಂದು ಮಳಿಗಾಲ ಕಳೀಲಿ, ತಡೀರಿ" ಎಂದರು.